ಗಿಟ್‌ಗೆ ಹೇಳಿದ್ದೊಂದು, ಅದು ಮಾಡಿದ್ದೊಂದು: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಕಳೆದ ಮಳೆಗಾಲದ ಒಂದು ಸಂಜೆ ಕುಮಟಾದಿಂದ ಫೋನ್ ಬಂತು. "ಅಣ್ಣಾ, ಬೆಳಿಗ್ಗೆಯಿಂದ ಬರೆದದ್ದೆಲ್ಲ ಹೋಯ್ತು. ನಾನು ಬ್ರಾಂಚ್ ಬದಲಿಸಿದ್ದು ಅಷ್ಟೇ." ಹುಡುಗನ ದನಿ ಸಣ್ಣಗಾಗಿತ್ತು. ನಾವು ನಾಲ್ಕು ಜನ ಸೇರಿ ಅಡಿಕೆ ಧಾರಣೆ ತೋರಿಸುವ ಒಂದು ಚಿಕ್ಕ ಆ್ಯಪ್ ಮಾಡುತ್ತಿದ್ದೇವೆ. ಯಾರು ಯಾವಾಗ ಏನು ಬದಲಿಸಿದರು ಎಂದು ಉಳಿಸಿಡಲು ಗಿಟ್ ಎಂಬ ವರ್ಷನ್ ಕಂಟ್ರೋಲ್ ಟೂಲ್ ಬಳಸುತ್ತೇವೆ. ಬ್ರಾಂಚ್ ಎಂದರೆ ಅದರಲ್ಲಿ ಕೆಲಸದ ಒಂದು ಪ್ರತ್ಯೇಕ ಕವಲು. ನಾನು ಶಿರಸಿಯಲ್ಲಿ, ಇವನು ಕುಮಟಾದಲ್ಲಿ, ಒಬ್ಬರು ಅಕ್ಕ ಕಾರವಾರದಲ್ಲಿ, ಎಲ್ಲರಿಗಿಂತ ಚಿಕ್ಕವಳು ಹೊನ್ನಾವರದಲ್ಲಿ. ಅವನು ಒತ್ತಿದ ಕಮಾಂಡ್ ತಪ್ಪಾಗಿರಲಿಲ್ಲ. ಆದರೆ ಅದಕ್ಕೆ ಎರಡು ಅರ್ಥ ಇತ್ತು. ಅವನು ಒಂದನ್ನು ನೆನೆಸಿ ಒತ್ತಿದ, ಗಿಟ್ ಇನ್ನೊಂದನ್ನು ಹಿಡಿಯಿತು.

ಬೆಟ್ಟ ಎಂದರೆ ಬೆಂಗಳೂರಿನವರಿಗೆ ದೊಡ್ಡ ಗುಡ್ಡ. ಶಿರಸಿ ಕಡೆ ತೋಟದವರಿಗೆ ಬೆಟ್ಟ ಎಂದರೆ ತೋಟಕ್ಕೆ ಸೊಪ್ಪು ತರುವ ಜಾಗ. ಮಾತು ಒಂದೇ, ಕಣ್ಣ ಮುಂದೆ ಬರುವುದು ಬೇರೆ. ವರ್ಷನ್ ಕಂಟ್ರೋಲ್ ಟೂಲ್‌ಗಳ ಕಮಾಂಡ್‌ಗಳೂ ಹೀಗೆಯೇ. ಹೊಸಬರು ಎಡವಿದಾಗ "ನನಗೆ ನೆನಪೇ ಇರೋದಿಲ್ಲ" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಬೈದುಕೊಳ್ಳಬೇಡಿ. ಗಿಟ್, ಅದರಂಥವೇ ಆದ ಸಬ್‌ವರ್ಷನ್ ಮತ್ತು ಮರ್ಕ್ಯೂರಿಯಲ್, ಈ ಮೂರು ಟೂಲ್‌ನಲ್ಲಿ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಗಿಟ್ ಒಳಗೇ ಒಂದೇ ಅಕ್ಷರ ಐದಾರು ಕೆಲಸ ಮಾಡುತ್ತದೆ. ಎಡವಿದ್ದು ಎಲ್ಲಿ ಎಂದು ಲಕ್ಷಣ ನೋಡಿ ಕಂಡುಹಿಡಿಯಬಹುದು. ಸುಲಭದ್ದರಿಂದ ಶುರು ಮಾಡೋಣ.

ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಒತ್ತಬೇಕು. ಕ್ಯಾಪಿಟಲ್ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

## ಏನನ್ನೂ ಮುಟ್ಟುವ ಮೊದಲು

ಕೈ ತೆಗೆಯಿರಿ. ಗಾಬರಿಯಲ್ಲಿ ಒತ್ತುವ ಎರಡನೇ ಕಮಾಂಡ್ ಮೊದಲನೆಯದಕ್ಕಿಂತ ಜಾಸ್ತಿ ಹಾಳು ಮಾಡುತ್ತದೆ. ಇದನ್ನು ನಾನು ತುಂಬ ಸಲ ನೋಡಿದ್ದೇನೆ. ಎಡಿಟರ್ ತೆರೆದಿದ್ದರೆ ಮುಚ್ಚಬೇಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಡಿ.

ಆಮೇಲೆ ಪ್ರಾಜೆಕ್ಟ್ ಫೋಲ್ಡರನ್ನು ಪೂರ್ತಿಯಾಗಿ ಬೇರೆ ಕಡೆ ನಕಲು ಮಾಡಿ. ಒಳಗೆ ಚುಕ್ಕಿಯಿಂದ ಶುರುವಾಗುವ, ಕಣ್ಣಿಗೆ ಕಾಣದ ಗಿಟ್ ಫೋಲ್ಡರ್ ಇರುತ್ತದೆ. ಅದೂ ನಕಲಿನಲ್ಲಿ ಬರಬೇಕು. ಹಳೆಯ ಕಮಿಟ್‌ಗಳೆಲ್ಲ, ಅಂದರೆ ಗಿಟ್‌ನಲ್ಲಿ ಉಳಿಸಿದ ಒಂದೊಂದು ಹಂತದ ದಾಖಲೆಗಳೆಲ್ಲ, ಇರುವುದು ಅಲ್ಲೇ. ಪೆನ್‌ಡ್ರೈವ್ ಆದರೂ ಸಾಕು, ದುಡ್ಡಿನ ಖರ್ಚಿಲ್ಲ.

ಮೂರನೆಯದಾಗಿ ನೀವು ನಿಜವಾಗಿ ಏನು ಒತ್ತಿದಿರಿ ಎಂದು ನೋಡಿ. ನೆನಪನ್ನು ನಂಬಬೇಡಿ. ಮೇಲಿನ ಬಾಣದ ಕೀ ಒತ್ತಿದರೆ ಹಿಂದಿನ ಕಮಾಂಡ್ ಹಾಗೇ ಬರುತ್ತದೆ. ನೋಡಿ ಬರೆದಿಟ್ಟುಕೊಳ್ಳಿ, ಎಂಟರ್ ಒತ್ತಬೇಡಿ. ಆಮೇಲೆ ಗಿಟ್ ಸ್ಟೇಟಸ್ ಕೊಡಿ. ಅದು ನಿಮ್ಮ ಫೈಲ್‌ಗಳನ್ನು ಬದಲಿಸುವುದಿಲ್ಲ, ಸುಮ್ನೆ ಓದಿ ಹೇಳುತ್ತದೆ.

## ಲಕ್ಷಣ: "ಕಮಾಂಡ್ ಸಿಗಲಿಲ್ಲ" ಅಥವಾ "ಇಂಥ ಆಪ್ಷನ್ ಗೊತ್ತಿಲ್ಲ" ಎನ್ನುತ್ತಿದೆ

ಇದು ಎಲ್ಲಕ್ಕಿಂತ ಹಗುರ. ಏನೂ ನಡೆದಿಲ್ಲ, ಏನೂ ಕೆಟ್ಟಿಲ್ಲ. ಯಾರು ಮಾತಾಡುತ್ತಿದ್ದಾರೆ ಎಂದು ಮಾತ್ರ ನೋಡಿ.

"ಕಮಾಂಡ್ ನಾಟ್ ಫೌಂಡ್" ಎಂದರೆ ಮಾತಾಡುತ್ತಿರುವುದು ಟರ್ಮಿನಲ್. ಗಿಟ್ ತನಕ ಸುದ್ದಿ ಹೋಗೇ ಇಲ್ಲ. ನಮ್ಮ ಕಡೆ ಇದಕ್ಕೆ ಮೊದಲ ಕಾರಣ ಕೀಬೋರ್ಡ್ ಕನ್ನಡದಲ್ಲೇ ಉಳಿದಿರುವುದು. ಊರ ಹೆಸರು ಕನ್ನಡದಲ್ಲಿ ಟೈಪ್ ಮಾಡಿ ಟರ್ಮಿನಲ್‌ಗೆ ಬಂದಿರುತ್ತೀರಿ. ಎರಡನೇ ಕಾರಣ ತೀರಾ ಹಳೆಯ ಪಾಠ. ಮೊದಮೊದಲು ಗಿಟ್‌ನ ಒಂದೊಂದು ಕಮಾಂಡ್ ಒಂದೊಂದು ಬೇರೆ ಪ್ರೋಗ್ರಾಂ ಆಗಿತ್ತು. ಗಿಟ್ ಮತ್ತು ಕಮಿಟ್ ನಡುವೆ ಅಡ್ಡಗೆರೆ ಹಾಕಿ ಒಂದೇ ಪದ ಮಾಡಿ ಬರೆಯುತ್ತಿದ್ದರು. 2008ರ 1.6.0 ಆವೃತ್ತಿಯಿಂದ ಹಾಗೆ ಬರೆದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಹೀಗೆ ಬಿಡಿಬಿಡಿಯಾಗಿ ಬೆಳೆದದ್ದರಿಂದಲೇ ಒಂದು ಕಮಾಂಡ್‌ನ ರೀತಿ ಇನ್ನೊಂದಕ್ಕೆ ಇಲ್ಲ.

"ಇದು ಗಿಟ್ ಕಮಾಂಡ್ ಅಲ್ಲ" ಎಂದರೆ ಗಿಟ್ ತಾನೇ ಮಾತಾಡುತ್ತಿದೆ. ಎರಡನೇ ಪದ ತಪ್ಪಿದೆ. ಸಬ್‌ವರ್ಷನ್ ಬಳಸಿದವರು ಸ್ಟೇಟಸ್‌ಗೆ ಎಸ್‌ಟಿ ಎಂದೂ ಚೆಕ್‌ಔಟ್‌ಗೆ ಸಿಒ ಎಂದೂ ಒತ್ತುತ್ತಾರೆ. ಅಲ್ಲಿ ಅವು ಒಳಗೇ ಇರುವ ಚಿಕ್ಕ ರೂಪಗಳು. ಮರ್ಕ್ಯೂರಿಯಲ್‌ನಲ್ಲಿ ಗೊಂದಲ ಆಗದಷ್ಟು ಅಕ್ಷರ ಒತ್ತಿದರೆ ಸಾಕು. ಗಿಟ್‌ನಲ್ಲಿ ಎರಡೂ ಇಲ್ಲ. ಪಾಠದ ವಿಡಿಯೊದಲ್ಲಿ ಸಿಒ ಓಡಿತು ಎಂದರೆ ಪಾಠ ಮಾಡಿದವರು ತಮ್ಮ ಕಂಪ್ಯೂಟರಿನಲ್ಲಿ ಅಲಿಯಾಸ್, ಅಂದರೆ ತಮ್ಮದೇ ಅಡ್ಡಹೆಸರು, ಮಾಡಿಕೊಂಡಿದ್ದಾರೆ.

"ಅನ್‌ನೋನ್ ಸ್ವಿಚ್" ಎಂದರೆ ಒಂದು ಅಡ್ಡಗೆರೆಯ ಒಂಟಿ ಅಕ್ಷರ ಹೊಂದಲಿಲ್ಲ. "ಅನ್‌ನೋನ್ ಆಪ್ಷನ್" ಎಂದರೆ ಎರಡು ಅಡ್ಡಗೆರೆಯ ಪೂರ್ತಿ ಪದ ಹೊಂದಲಿಲ್ಲ. ಗೆರೆ ಎಣಿಸಿ. ಗಿಟ್ ಕಮಿಟ್ -ಅಮೆಂಡ್ ಎಂದು ಒಂದೇ ಗೆರೆ ಹಾಕಿದರೆ ಲೆಕ್ಕದಲ್ಲಿ ಅದನ್ನು -ಎ, -ಎಂ, ಮತ್ತು "ಎಂಡ್" ಎಂಬ ಸಂದೇಶ ಎಂದು ಓದಬಹುದು. ಪುಣ್ಯಕ್ಕೆ ಗಿಟ್ ಇದೊಂದನ್ನು ಹಿಡಿದು, ಎರಡು ಗೆರೆ ಹಾಕಬೇಕಿತ್ತಾ ಎಂದು ಕೇಳುತ್ತದೆ.

ಇನ್ನು ವಾಟ್ಸಾಪ್‌ನಲ್ಲೋ ವರ್ಡ್ ಫೈಲ್‌ನಲ್ಲೋ ಬಂದ ಕಮಾಂಡ್ ಅಂಟಿಸಿದಾಗ ಆಗುವ ತೊಂದರೆ. ಅಲ್ಲಿ ಎರಡು ಚಿಕ್ಕ ಗೆರೆ ಸೇರಿ ಒಂದು ಉದ್ದ ಗೆರೆ ಆಗಿರುತ್ತದೆ. ನೆಟ್ಟಗಿನ ಕೋಟ್ ಚಿಹ್ನೆ ಬಾಗಿರುತ್ತದೆ. ಬಾಗಿದ ಕೋಟ್ ಗಿಟ್‌ಗೂ ಗೊತ್ತಿಲ್ಲ, ಹೆಚ್ಚಿನ ಟರ್ಮಿನಲ್‌ಗಳಿಗೂ ಗೊತ್ತಿಲ್ಲ. "ಚಾಲಿ ದರ ಸರಿ" ಎಂಬ ಸಂದೇಶದಲ್ಲಿ ಮೊದಲ ಪದ ಮಾತ್ರ ಸಂದೇಶ ಆಗಿ, ಉಳಿದವು ಫೈಲ್ ಹೆಸರು ಆಗುತ್ತವೆ. ಆಗ "ಪಾತ್‌ಸ್ಪೆಕ್ ಹೊಂದಲಿಲ್ಲ" ಎಂಬ ಎರರ್ ಬರುತ್ತದೆ. ಅಂಟಿಸಿದ್ದನ್ನು ಅಳಿಸಿ ಕೈಯಲ್ಲೇ ಒತ್ತಿ ನೋಡಿ. ಅರ್ಧ ನಿಮಿಷದ ಕೆಲಸ.

ಒಂದೇ ಒಂದು ಎಚ್ಚರಿಕೆ. ಹೆಲ್ಪ್.ಆಟೋಕರೆಕ್ಟ್ ಎಂಬ ಸೆಟ್ಟಿಂಗ್ ಹಾಕಿಕೊಂಡಿದ್ದರೆ ಗಿಟ್ ನಿಮ್ಮ ತಪ್ಪು ಪದವನ್ನು ತಾನೇ ಊಹಿಸಿ ಓಡಿಸುತ್ತದೆ. ಅಲ್ಲಿ 10 ಎಂದಿದ್ದರೆ ಕಾಯುವುದು ಒಂದೇ ಸೆಕೆಂಡ್. ಇದನ್ನು ತೆಗೆದುಬಿಡಿ.

## ಲಕ್ಷಣ: ಫೈಲ್ ಕಣ್ಣೆದುರೇ ಇದೆ, ಗಿಟ್ ಇಲ್ಲ ಎನ್ನುತ್ತದೆ

ಮೊದಲು ಯಾವ ಫೋಲ್ಡರಿನಲ್ಲಿ ನಿಂತಿದ್ದೀರಿ ನೋಡಿ. ಆಮೇಲೆ ಹೆಸರಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ. ಇವೆರಡೂ ಸರಿಯಿದ್ದು ಹೆಸರು ಕನ್ನಡದಲ್ಲಿದ್ದರೆ ಮುಂದೆ ಓದಿ. ಇದನ್ನು ಕನ್ನಡದವರು ಕನ್ನಡದವರಿಗೇ ಹೇಳಿಕೊಡಬೇಕು.

ಗಿಟ್ ಸ್ಟೇಟಸ್ ಕೊಟ್ಟಾಗ ಕನ್ನಡ ಹೆಸರಿನ ಬದಲು \340\262 ಎಂಬಂಥ ಸಂಖ್ಯೆಗಳ ಸಾಲು ಬಂದರೆ ಫೈಲ್ ಕೆಟ್ಟಿಲ್ಲ. ಕನ್ನಡದ ಪ್ರತಿ ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟ್. ಗಿಟ್ ಅದನ್ನು ಎಂಟರ ಲೆಕ್ಕದ ಸಂಖ್ಯೆಯಲ್ಲಿ ಬರೆದು ತೋರಿಸುತ್ತದೆ, ಅಷ್ಟೇ. ಕನ್ನಡ ಅಕ್ಷರ ಎಂದರೆ \340\262 ಅಥವಾ \340\263 ಎಂದು ಶುರು. ಕನ್ನಡದಲ್ಲೇ ಕಾಣಬೇಕಾದರೆ:

ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕ್ವೋಟ್‌ಪಾತ್ ಫಾಲ್ಸ್

ಆದರೆ ಈ ಸಂಖ್ಯೆಗಳೇ ಒಮ್ಮೆ ನಮ್ಮನ್ನು ಉಳಿಸಿದವು. ನಮ್ಮ ಪ್ರಾಜೆಕ್ಟಿನಲ್ಲಿ ಊರಿಗೊಂದು ಫೋಲ್ಡರ್. "ಮಿರ್ಜಾನ್" ಎಂಬ ಫೋಲ್ಡರ್ ಎರಡು ಕಾಣತೊಡಗಿತು, ಅಕ್ಷರಕ್ಕೆ ಅಕ್ಷರ ಒಂದೇ. ಹೊನ್ನಾವರದ ತಂಗಿ ಮಾಡಿದ ಒಂದು ಫೈಲ್ ನಾನು ಹೆಸರು ಒತ್ತಿದರೆ ಸಿಗುತ್ತಲೇ ಇರಲಿಲ್ಲ. ಸಂಖ್ಯೆಗಳಲ್ಲಿ ನೋಡಿದಾಗ ಒಂದರ ಕೊನೆ \340\263\215, ಅಂದರೆ ನ್ ಅಕ್ಷರದ ಅರ್ಧ ಚಿಹ್ನೆ. ಇನ್ನೊಂದರಲ್ಲಿ ಅದರ ಮೇಲೆ \342\200\214 ಕೂಡ ಇತ್ತು. ಅದು ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆ. ನಾವು "ಸಾಫ್ಟ್‌ವೇರ್" ಎಂದು ಬರೆಯುವಾಗ ವ ಒತ್ತಾಗದಂತೆ ನಡುವೆ ಹಾಕುತ್ತೇವಲ್ಲ, ಅದೇ. ಹಳೆಯ ನುಡಿ ಫಾಂಟಿನಲ್ಲಿದ್ದ ಪಟ್ಟಿಯನ್ನು ಯುನಿಕೋಡ್‌ಗೆ ಬದಲಿಸಿದಾಗ ಪದದ ಕೊನೆಗೂ ಅಂಟಿಕೊಂಡು ಬಂದಿತ್ತು.

ನೀವು ಕ್ವೋಟ್‌ಪಾತ್ ಆಫ್ ಮಾಡಿದ್ದರೂ ಆ ಒಂದು ಸಲಕ್ಕೆ ಸಂಖ್ಯೆ ನೋಡಬಹುದು:

ಗಿಟ್ -ಸಿ ಕೋರ್.ಕ್ವೋಟ್‌ಪಾತ್=ಟ್ರೂ ಸ್ಟೇಟಸ್

ತಪ್ಪು ಹೆಸರನ್ನು ಕೈಯಲ್ಲಿ ಒತ್ತಲು ಹೋಗಬೇಡಿ, ಬರುವುದಿಲ್ಲ. ಎರಡಕ್ಷರ ಒತ್ತಿ ಟ್ಯಾಬ್ ಕೀಯಿಂದ ಪೂರ್ತಿ ಮಾಡಿಸಿ, ಗಿಟ್ ಎಂವಿಯಿಂದ ಹೊಸ ಹೆಸರು ಕೊಡಿ. ಆ ದಿನದಿಂದ ನಾವು ಫೈಲ್, ಫೋಲ್ಡರ್, ಬ್ರಾಂಚ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡುತ್ತೇವೆ. ಫೈಲ್ ಒಳಗೆ ಎಷ್ಟು ಬೇಕಾದರೂ ಕನ್ನಡ. ಕಮಿಟ್ ಸಂದೇಶವೂ ಕನ್ನಡದಲ್ಲೇ, ಅದಕ್ಕೇನೂ ತೊಂದರೆ ಇಲ್ಲ.

## ಲಕ್ಷಣ: ನಾನು ಕಮಿಟ್ ಮಾಡಿದೆ, ಬೇರೆಯವರಿಗೆ ಬಂದಿಲ್ಲ

ಕಾರವಾರದ ಅಕ್ಕ ಹಿಂದಿನ ಕೆಲಸದಲ್ಲಿ ವರ್ಷಗಟ್ಟಲೆ ಸಬ್‌ವರ್ಷನ್ ಬಳಸಿದವರು. ಎರಡು ದಿನ ಮಳೆಗೆ ನೆಟ್‌ವರ್ಕ್ ಇರಲಿಲ್ಲ. ಅವರು ಕಮಿಟ್ ಮಾಡುತ್ತಲೇ ಇದ್ದರು, ಅದೂ ಯಾವ ಎರರ್ ಇಲ್ಲದೆ. ನೆಟ್ ಬಂದ ಮೇಲೆ "ನಿಮಗೆ ಯಾಕೆ ಕಾಣ್ತಾ ಇಲ್ಲ?" ಎಂದು ಕೇಳಿದರು. ನೆಟ್ ಇಲ್ಲದೆ ಕಮಿಟ್ ಆಯಿತು ಎನ್ನುವುದೇ ಇಲ್ಲಿ ಸುಳಿವು. ಸಬ್‌ವರ್ಷನ್‌ನಲ್ಲಿ ಕಮಿಟ್ ಎಂದರೆ ಸರ್ವರಿಗೆ ಕಳಿಸುವುದು. ಗಿಟ್‌ನಲ್ಲೂ ಮರ್ಕ್ಯೂರಿಯಲ್‌ನಲ್ಲೂ ಅದು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಕಳಿಸಲು ಪುಶ್ ಬೇಕು. ಗಿಟ್ ಸ್ಟೇಟಸ್‌ನಲ್ಲಿ "ಅಹೆಡ್" ಎಂಬ ಪದ ಮತ್ತು ಒಂದು ಸಂಖ್ಯೆ ಕಂಡರೆ ಅಷ್ಟು ಕಮಿಟ್ ಇನ್ನೂ ಹೊರಟಿಲ್ಲ ಎಂದರ್ಥ.

ಟೂಲ್ ಬದಲಿಸಿದವರಿಗೆ ಇಂಥ ಹೊಂಡ ಇನ್ನೂ ನಾಲ್ಕಿವೆ. ಸಬ್‌ವರ್ಷನ್ 1.0 ಬಂದದ್ದು 2004ರಲ್ಲಿ. ಗಿಟ್ ಮತ್ತು ಮರ್ಕ್ಯೂರಿಯಲ್ ಎರಡೂ ಶುರುವಾದದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಇಂಥದೇ ಟೂಲ್ ಪುಕ್ಕಟೆ ಸಿಗುವುದು ನಿಂತಾಗ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು, ಮ್ಯಾಟ್ ಮ್ಯಾಕಾಲ್ ಮರ್ಕ್ಯೂರಿಯಲ್ ಬರೆದರು. ಪದಗಳನ್ನು ಒಂದೇ ಅರ್ಥಕ್ಕೆ ಕಟ್ಟುವ ಒಪ್ಪಂದ ಇರಲಿಲ್ಲ.

ಹಾಗಾಗಿ ಚೆಕ್‌ಔಟ್ ಎಂದರೆ ಸಬ್‌ವರ್ಷನ್‌ನಲ್ಲಿ ಸರ್ವರಿನಿಂದ ಮೊದಲ ಸಲ ಇಳಿಸಿಕೊಳ್ಳುವುದು. ಗಿಟ್‌ನಲ್ಲಿ ಆ ಕೆಲಸ ಕ್ಲೋನ್ ಮಾಡುತ್ತದೆ. ಆ್ಯಡ್ ಎಂದರೆ ಸಬ್‌ವರ್ಷನ್ ಮತ್ತು ಮರ್ಕ್ಯೂರಿಯಲ್‌ನಲ್ಲಿ ಹೊಸ ಫೈಲಿಗೆ ಒಮ್ಮೆ ಮಾತ್ರ. ಗಿಟ್‌ನಲ್ಲಿ ಹಳೆಯ ಫೈಲ್ ಬದಲಿಸಿದಾಗಲೂ ಆ್ಯಡ್ ಕೊಡಬೇಕು, ಇಲ್ಲವೇ ಕಮಿಟ್‌ಗೆ --ಆಲ್ ಸೇರಿಸಬೇಕು. "ಬದಲಿಸಿದ್ದು ಕಮಿಟ್‌ನಲ್ಲಿ ಇಲ್ಲ" ಎನ್ನುವ ದೂರಿಗೆ ಕಾರಣ ಇದೇ. ಪುಲ್ ಎಂದರೆ ಗಿಟ್‌ನಲ್ಲಿ ತಂದು ಬೆರೆಸುವುದು, ಮರ್ಕ್ಯೂರಿಯಲ್‌ನಲ್ಲಿ ತರುವುದು ಮಾತ್ರ. ಅಲ್ಲಿಂದ ಬಂದವರಿಗೆ ಬೇಕಾದ ಪದ ಗಿಟ್‌ನ ಫೆಚ್.

ನಾಲ್ಕನೆಯದು ರಿವರ್ಟ್. ಇದು ಅಪಾಯದ್ದು. ಸಬ್‌ವರ್ಷನ್‌ನಲ್ಲಿ ರಿವರ್ಟ್ ಎಂದರೆ ಇನ್ನೂ ಕಮಿಟ್ ಆಗದ ಬದಲಾವಣೆಯನ್ನು ಬಿಸಾಡುವುದು, ನಕಲು ಉಳಿಯುವುದಿಲ್ಲ. ಮರ್ಕ್ಯೂರಿಯಲ್‌ನಲ್ಲೂ ಬಿಸಾಡುವುದೇ, ಆದರೆ .ಒರಿಗ್ ಎಂಬ ನಕಲು ಉಳಿಸುತ್ತದೆ. ಗಿಟ್‌ನಲ್ಲಿ ರಿವರ್ಟ್ ಎಂದರೆ ಹಳೆಯ ಕಮಿಟ್ ಒಂದನ್ನು ಉಲ್ಟಾ ಮಾಡುವ ಹೊಸ ಕಮಿಟ್. ಫೈಲ್ ಹೆಸರು ಕೊಟ್ಟರೆ "ಬ್ಯಾಡ್ ರಿವಿಷನ್" ಎನ್ನುತ್ತದೆ, ಹಾನಿ ಇಲ್ಲ. ಹೊಸ ಕಮಿಟ್ ಬಂದುಬಿಟ್ಟಿದ್ದರೆ ಆ ಕಮಿಟ್ಟನ್ನೇ ಮತ್ತೆ ರಿವರ್ಟ್ ಮಾಡಿ, ಎಲ್ಲ ಮೊದಲಿನಂತಾಗುತ್ತದೆ. ಗಿಟ್‌ನಿಂದ ಸಬ್‌ವರ್ಷನ್‌ಗೆ ಹೋಗುವವರು ಮಾತ್ರ ಹತ್ತು ಸಲ ಯೋಚಿಸಿ ಒತ್ತಬೇಕು.

## ಲಕ್ಷಣ: ಬ್ರಾಂಚ್ ಬದಲಿಸಲು ಹೋದೆ, ಬರೆದದ್ದು ಮಾಯ

ಕುಮಟಾದ ಹುಡುಗನ ಕಥೆ ಇದು. ಪ್ರಾಜೆಕ್ಟಿನಲ್ಲಿ ಚಾಲಿ ಎಂಬ ಫೋಲ್ಡರ್ ಇದೆ, ಚಾಲಿ ಅಡಿಕೆಯ ದರಕ್ಕೆ ಸಂಬಂಧಿಸಿದ್ದು. ಹಿಂದಿನ ದಿನ ಕಾರವಾರದ ಅಕ್ಕ ಅದೇ ಹೆಸರಿನ ಬ್ರಾಂಚ್ ಮಾಡಿ ಪುಶ್ ಮಾಡಿದ್ದರು. ಇವನಲ್ಲಿ ನೆಟ್ ಇಲ್ಲ, ಫೆಚ್ ಮಾಡಿಲ್ಲ. ಅಂದರೆ ಅವನ ಕಂಪ್ಯೂಟರಿಗೆ ಆ ಬ್ರಾಂಚ್ ಇದೆ ಎಂದೇ ಗೊತ್ತಿಲ್ಲ. ಅವನು ಒತ್ತಿದ್ದು:

ಗಿಟ್ ಚೆಕ್‌ಔಟ್ ಚಾಲಿ

ಚೆಕ್‌ಔಟ್‌ಗೆ ಎರಡು ಕೆಲಸ. ಒಂದು, ಬ್ರಾಂಚ್ ಬದಲಿಸುವುದು. ಎರಡು, ಫೈಲನ್ನು ಹಳೆಯ ಸ್ಥಿತಿಗೆ ತರುವುದು. ಹೆಸರಿಗೆ ಬ್ರಾಂಚ್ ಇದ್ದರೆ ಮೊದಲನೆಯದು. ಬ್ರಾಂಚ್ ಇಲ್ಲದೆ ಫೋಲ್ಡರ್ ಇದ್ದರೆ ಎರಡನೆಯದು, ಅದೂ ಕೇಳದೆ. ಆ ಫೋಲ್ಡರಿನಲ್ಲಿ ಬೆಳಿಗ್ಗೆಯಿಂದ ತಿದ್ದಿದ ಮೂರು ಫೈಲ್‌ಗಳು ಹಿಂದಕ್ಕೆ ಹೋದವು. ಪರದೆ ಮೇಲೆ ಬಂದದ್ದು "ಅಪ್‌ಡೇಟೆಡ್ 3 ಪಾತ್ಸ್ ಫ್ರಮ್ ದ ಇಂಡೆಕ್ಸ್" ಎಂಬ ಒಂದು ಸಾಲು. ಆ ಸಾಲು ಕಂಡರೆ ಬ್ರಾಂಚ್ ಬದಲಾಗಿಲ್ಲ, ಫೈಲ್ ಬದಲಾಗಿದೆ ಎಂದು ತಿಳಿಯಿರಿ.

ಉಳಿಸಿಕೊಳ್ಳುವ ದಾರಿ ಇದೆಯೇ? ಸ್ವಲ್ಪ ಇದೆ. ಚೆಕ್‌ಔಟ್ ಫೈಲನ್ನು ತರುವುದು ಇಂಡೆಕ್ಸಿನಿಂದ, ಅಂದರೆ ಕೊನೆಯ ಆ್ಯಡ್‌ನಿಂದ. ಅವನು ಮಧ್ಯಾಹ್ನ ಊಟಕ್ಕೆ ಏಳುವಾಗ ಒಮ್ಮೆ ಆ್ಯಡ್ ಕೊಟ್ಟಿದ್ದ. ಹಾಗಾಗಿ ಊಟದವರೆಗಿನ ಕೆಲಸ ಇತ್ತು. ಉಳಿದದ್ದಕ್ಕೆ ಗಿಟ್‌ನಲ್ಲಿ ಮದ್ದಿಲ್ಲ, ಎಡಿಟರ್‌ನಲ್ಲಿ ಹುಡುಕಬೇಕು. ವಿಎಸ್ ಕೋಡ್‌ನಲ್ಲಿ ಟೈಮ್‌ಲೈನ್ ಎಂಬ ಭಾಗ ಇದೆ, ಫೈಲ್ ಸೇವ್ ಮಾಡಿದಾಗಿನ ಹಳೆಯ ರೂಪಗಳು ಅಲ್ಲಿರುತ್ತವೆ. ಎರಡು ಫೈಲ್ ಪೂರ್ತಿ ಸಿಕ್ಕವು. ಮೂರನೆಯದನ್ನು ಅವನು ರಾತ್ರಿ ಕೂತು ಮತ್ತೆ ಬರೆದ. ಎಡಿಟರ್ ಮುಚ್ಚಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಈ ಗೊಂದಲ ಗಿಟ್ ಬರೆಯುವವರಿಗೂ ಗೊತ್ತಿತ್ತು. 2019ರ ಆಗಸ್ಟ್‌ನಲ್ಲಿ ಬಂದ 2.23 ಆವೃತ್ತಿಯಲ್ಲಿ ಚೆಕ್‌ಔಟ್‌ನ ಎರಡು ಕೆಲಸವನ್ನು ಎರಡು ಕಮಾಂಡ್ ಮಾಡಿದರು. ಬ್ರಾಂಚ್‌ಗೆ ಗಿಟ್ ಸ್ವಿಚ್, ಫೈಲ್‌ಗೆ ಗಿಟ್ ರಿಸ್ಟೋರ್. ಅವನು ಗಿಟ್ ಸ್ವಿಚ್ ಚಾಲಿ ಎಂದಿದ್ದರೆ "ಇನ್‌ವ್ಯಾಲಿಡ್ ರೆಫರೆನ್ಸ್" ಎಂದು ನಿಲ್ಲುತ್ತಿತ್ತು, ಒಂದು ಅಕ್ಷರವೂ ಹೋಗುತ್ತಿರಲಿಲ್ಲ. ಹೊಸಬರಿಗೆ ಇವತ್ತಿಗೂ ಚೆಕ್‌ಔಟನ್ನೇ ಮೊದಲು ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ಹಳೆಯ ಗಿಟ್ ಇರುವ ಕಂಪ್ಯೂಟರಿನಲ್ಲಿ ಚೆಕ್‌ಔಟ್ ಬಳಸಲೇಬೇಕಾದರೆ, ಬ್ರಾಂಚ್ ಹೆಸರು ಬರೆದಾದ ಮೇಲೆ ಜಾಗ ಬಿಟ್ಟು ಬರಿ ಎರಡು ಅಡ್ಡಗೆರೆ ಹಾಕಿ. ಗೆರೆಗಳ ಹಿಂದಿರುವುದು ಬ್ರಾಂಚ್, ಆಮೇಲಿನದು ಫೈಲ್ ಎಂದು ಗಿಟ್ ತಿಳಿಯುತ್ತದೆ.

ಎಚ್ಚರಿಕೆ: ರಿಸ್ಟೋರ್ ಕೂಡ ಬರೆದದ್ದನ್ನು ಕೇಳದೆ ಬಿಸಾಡುತ್ತದೆ. ಹೆಸರು ಸ್ಪಷ್ಟವಾಗಿದೆ, ಅಷ್ಟೇ.

## ಲಕ್ಷಣ: ಒಂದೇ ಫೈಲ್ "ಡಿಲೀಟ್ ಆಗಿದೆ" ಎಂದೂ "ಹೊಸದು" ಎಂದೂ ಕಾಣುತ್ತಿದೆ

ಆ್ಯಡ್ ಮಾಡಿದ್ದನ್ನು ವಾಪಸ್ ತೆಗೆಯಲು ಹೋಗಿ ಗಿಟ್ ಆರ್‌ಎಂ --ಕ್ಯಾಶ್ಡ್ ಒತ್ತಿದ್ದೀರಿ. ಗಿಟ್‌ನಲ್ಲಿ ಒಂದೇ ಜಾಗಕ್ಕೆ ಮೂರು ಹೆಸರು: ಇಂಡೆಕ್ಸ್, ಕ್ಯಾಶ್, ಸ್ಟೇಜ್. ವ್ಯತ್ಯಾಸ ತೋರಿಸುವ ಡಿಫ್‌ಗೆ --ಕ್ಯಾಶ್ಡ್ ಎಂದರೂ --ಸ್ಟೇಜ್ಡ್ ಎಂದರೂ ಒಂದೇ. ರಿಸ್ಟೋರ್‌ಗೆ --ಸ್ಟೇಜ್ಡ್ ಮಾತ್ರ. ಆರ್‌ಎಂಗೆ --ಕ್ಯಾಶ್ಡ್ ಮಾತ್ರ, ಮತ್ತು ಅಲ್ಲಿ ಅದರ ಅರ್ಥ "ಈ ಫೈಲನ್ನು ಇನ್ನು ಗಮನಿಸಬೇಡ". ನಿಮ್ಮ ಡಿಸ್ಕಿನಲ್ಲಿ ಫೈಲ್ ಇದೆ. ಆದರೆ ಹೀಗೇ ಕಮಿಟ್ ಮಾಡಿ ಪುಶ್ ಮಾಡಿದರೆ, ಬೇರೆಯವರು ಪುಲ್ ಮಾಡಿದಾಗ ಅವರ ಡಿಸ್ಕಿನಿಂದ ಹೋಗುತ್ತದೆ. ಕಮಿಟ್‌ಗೆ ಮೊದಲೇ ಗಿಟ್ ರಿಸ್ಟೋರ್ --ಸ್ಟೇಜ್ಡ್ ಮತ್ತು ಫೈಲ್ ಹೆಸರು ಕೊಡಿ. ಸರಿಹೋಗುತ್ತದೆ.

## ಲಕ್ಷಣ: ಪಟ್ಟಿ ಕೇಳಿದೆ, "ಲಿಸ್ಟ್" ಎಂಬ ಬ್ರಾಂಚೇ ಹುಟ್ಟಿತು

ಗಿಟ್ ಸ್ಟ್ಯಾಶ್ ಲಿಸ್ಟ್ ಎಂದರೆ ಪಟ್ಟಿ. ಆದರೆ ಗಿಟ್ ಬ್ರಾಂಚ್ ಲಿಸ್ಟ್ ಎಂದರೆ ಲಿಸ್ಟ್ ಹೆಸರಿನ ಹೊಸ ಬ್ರಾಂಚ್. ಗಿಟ್ ಟ್ಯಾಗ್ ಲಿಸ್ಟ್ ಎಂದರೆ ಆ ಹೆಸರಿನ ಟ್ಯಾಗ್, ಅಂದರೆ ಒಂದು ಕಮಿಟ್‌ಗೆ ಅಂಟಿಸುವ ಗುರುತು. ಬ್ರಾಂಚ್‌ಗೂ ಟ್ಯಾಗ್‌ಗೂ --ಲಿಸ್ಟ್ ಎಂದು ಗೆರೆ ಹಾಕಬೇಕು, ಇಲ್ಲವೇ ಏನನ್ನೂ ಸೇರಿಸದೆ ಬರಿ ಗಿಟ್ ಬ್ರಾಂಚ್ ಎಂದರೆ ಸಾಕು. ಇದನ್ನು ನಂಬಿ ಬರಿ ಗಿಟ್ ಸ್ಟ್ಯಾಶ್ ಎಂದರೆ ಪಟ್ಟಿ ಬರುವುದಿಲ್ಲ, ನಿಮ್ಮ ಬದಲಾವಣೆಗಳೆಲ್ಲ ಪಕ್ಕಕ್ಕೆ ಹೋಗಿ ಫೈಲ್ ಹಳೆಯದಾಗುತ್ತದೆ. ಹೆದರಬೇಡಿ, ಗಿಟ್ ಸ್ಟ್ಯಾಶ್ ಪಾಪ್ ಕೊಟ್ಟರೆ ವಾಪಸ್ ಬರುತ್ತದೆ.

ತೆಗೆಯುವುದೂ ಹೀಗೇ. ರಿಮೋಟ್‌ಗೆ (ಸರ್ವರಿನ ವಿಳಾಸಕ್ಕೆ) ರಿಮೂವ್, ಸ್ಟ್ಯಾಶ್‌ಗೆ ಡ್ರಾಪ್, ಬ್ರಾಂಚ್‌ಗೂ ಟ್ಯಾಗ್‌ಗೂ --ಡಿಲೀಟ್. ಗಿಟ್ ಬ್ರಾಂಚ್ ರಿಮೂವ್ ಚಾಲಿ ಎಂದರೆ ಚಾಲಿ ಹೋಗುವುದಿಲ್ಲ, ಚಾಲಿಯಿಂದ ಶುರುವಾಗುವ ರಿಮೂವ್ ಎಂಬ ಬ್ರಾಂಚ್ ಹುಟ್ಟುತ್ತದೆ. ಹುಟ್ಟಿದ್ದನ್ನು ಗಿಟ್ ಬ್ರಾಂಚ್ --ಡಿಲೀಟ್ ರಿಮೂವ್ ಎಂದು ತೆಗೆಯಿರಿ. ಕ್ಯಾಪಿಟಲ್ -ಡಿ ಬಳಸಬೇಡಿ, ಅದು ಬೆರೆಯದ ಕಮಿಟ್ ಇದ್ದರೂ ಕೇಳದೆ ಅಳಿಸುತ್ತದೆ.

## ಲಕ್ಷಣ: ತೋರಿಸು ಎಂದೆ, ಮಾಡಿಯೇ ಬಿಟ್ಟಿತು

ಒಂಟಿ ಅಕ್ಷರದ ಆಪ್ಷನ್‌ಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. -ಎನ್ ಒಂದನ್ನೇ ತೆಗೆದುಕೊಳ್ಳಿ. ಗಿಟ್ ಕ್ಲೀನ್, ಆ್ಯಡ್, ಪುಶ್ ಈ ಮೂರರಲ್ಲಿ -ಎನ್ ಎಂದರೆ "ಮಾಡಬೇಡ, ಏನು ಮಾಡುತ್ತೀ ಎಂದು ತೋರಿಸು". ಅದನ್ನೇ ನಂಬಿ ಗಿಟ್ ಕಮಿಟ್ -ಎನ್ ಎಂದರೆ ಕಮಿಟ್ ಆಗಿಯೇ ಬಿಡುತ್ತದೆ, ಕಮಿಟ್‌ಗೆ ಮುಂಚೆ ನಡೆಯಬೇಕಾದ ತಪಾಸಣೆಯನ್ನೂ ಬಿಟ್ಟು. ರಿವರ್ಟ್‌ನಲ್ಲೂ, ಬೇರೆ ಕಡೆಯ ಒಂದು ಕಮಿಟ್ಟನ್ನು ಎತ್ತಿ ತರುವ ಚೆರಿಪಿಕ್‌ನಲ್ಲೂ ಅದು "ಬದಲಾವಣೆ ಮಾಡು, ಕಮಿಟ್ ಮಾಡಬೇಡ". ಕ್ಲೋನ್‌ನಲ್ಲಿ "ಇಳಿಸಿಕೋ, ಫೈಲ್‌ಗಳನ್ನು ಫೋಲ್ಡರಿನಲ್ಲಿ ಬಿಚ್ಚಿಡಬೇಡ". ಫೆಚ್‌ನಲ್ಲಿ "ಟ್ಯಾಗ್ ತರಬೇಡ". ಬ್ರಾಂಚ್‌ಗಳನ್ನು ಬೆರೆಸುವ ಮರ್ಜ್‌ನಲ್ಲಿ "ಕೊನೆಗೆ ಅಂಕಿಅಂಶ ತೋರಿಸಬೇಡ". ಕಮಿಟ್‌ಗಳ ಪಟ್ಟಿ ತೋರಿಸುವ ಲಾಗ್‌ನಲ್ಲಿ ಎಷ್ಟು ಕಮಿಟ್ ಬೇಕು ಎಂಬ ಸಂಖ್ಯೆ.

-ಎಂ ಕೂಡ ಕಡಿಮೆಯಲ್ಲ. ಕಮಿಟ್‌ನಲ್ಲಿ ಸಂದೇಶ. ಬ್ರಾಂಚ್‌ನಲ್ಲಿ ಹೆಸರು ಬದಲಿಸುವುದು. ಬ್ರಾಂಚ್‌ಗೆ ವಿವರಣೆ ಕೊಡುತ್ತಿದ್ದೇನೆ ಎಂದುಕೊಂಡು ಒಂದು ಪದ ಬರೆದರೆ ನೀವಿರುವ ಬ್ರಾಂಚ್‌ನ ಹೆಸರೇ ಅದಾಗುತ್ತದೆ. ಅದೇ ಕಮಾಂಡ್‌ನಿಂದ ಹಳೆಯ ಹೆಸರು ವಾಪಸ್ ಕೊಡಿ. ರಿವರ್ಟ್‌ನಲ್ಲಿ -ಎಂ ಎಂದರೆ ಮರ್ಜ್ ಕಮಿಟ್‌ನ ಎಷ್ಟನೇ ತಾಯಿ ಎಂಬ ಸಂಖ್ಯೆ. -ಎಸ್ ಎಂದರೆ ಸ್ಟೇಟಸ್‌ನಲ್ಲಿ ಚಿಕ್ಕದಾಗಿ, ಕಮಿಟ್‌ನಲ್ಲಿ ಸೈನ್‌ಆಫ್ ಸಾಲು, ಮರ್ಜ್‌ನಲ್ಲಿ ಬೆರೆಸುವ ವಿಧಾನ, ಟ್ಯಾಗ್‌ನಲ್ಲಿ ಕೀ ಹಾಕಿ ಸಹಿ.

ಪರೀಕ್ಷೆ ಸುಲಭ. ಕಮಾಂಡ್ ಹೆಸರಿನ ಮುಂದೆ -ಎಚ್ ಒತ್ತಿ, ಉದಾಹರಣೆಗೆ ಗಿಟ್ ಕಮಿಟ್ -ಎಚ್. ಒಂದು ಪುಟದಲ್ಲಿ ಹೆಚ್ಚಿನ ಅಕ್ಷರಗಳ ಪಕ್ಕ ಪೂರ್ತಿ ಪದ ಬರುತ್ತದೆ. ಆ ಪೂರ್ತಿ ಪದವನ್ನೇ ಬಳಸಿ. --ಡ್ರೈ-ರನ್ ಎಂದು ಬರೆದರೆ ಕಮಿಟ್‌ನಲ್ಲೂ ಕ್ಲೀನ್‌ನಲ್ಲೂ ಪುಶ್‌ನಲ್ಲೂ ಒಂದೇ ಅರ್ಥ. ನಮ್ಮ ಗುಂಪಿನಲ್ಲಿ ಒಬ್ಬರಿಗೊಬ್ಬರು ಕಳಿಸುವ ಕಮಾಂಡ್‌ಗಳೆಲ್ಲ ಈಗ ಪೂರ್ತಿ ಪದದಲ್ಲೇ ಇರುತ್ತವೆ. ನಾಲ್ಕು ಅಕ್ಷರ ಜಾಸ್ತಿ ಒತ್ತಬೇಕು, ನಿಜ. ಓದುವವರಿಗೆ ಮಾತ್ರ ಊಹೆ ಮಾಡುವ ಕೆಲಸ ಇಲ್ಲ.

## ಲಕ್ಷಣ: ಲಾಗ್ ಒಂದು ಹೇಳುತ್ತದೆ, ಡಿಫ್ ಇನ್ನೊಂದು

ಚುಕ್ಕಿ ಎಣಿಸಿ. ಮೇನ್ ಎಂದರೆ ಮುಖ್ಯ ಬ್ರಾಂಚ್. ಲಾಗ್‌ನಲ್ಲಿ ಮೇನ್..ಚಾಲಿ ಎಂದು ಎರಡು ಚುಕ್ಕಿ ಹಾಕಿದರೆ ಚಾಲಿಯಲ್ಲಿದ್ದು ಮೇನ್‌ನಲ್ಲಿ ಇಲ್ಲದ ಕಮಿಟ್‌ಗಳು. ಡಿಫ್‌ನಲ್ಲಿ ಅದೇ ಎರಡು ಚುಕ್ಕಿಗೆ ಎರಡು ಬ್ರಾಂಚ್‌ಗಳ ತುದಿಗಳ ನಡುವಿನ ವ್ಯತ್ಯಾಸ. ಹಾಗಾಗಿ ಮೇನ್‌ಗೆ ಹೊಸದಾಗಿ ಬಂದದ್ದನ್ನು ಚಾಲಿ ಅಳಿಸಿದಂತೆ ಕಾಣುತ್ತದೆ. ಯಾರೂ ಅಳಿಸಿಲ್ಲ. ಡಿಫ್‌ಗೆ ಮೂರು ಚುಕ್ಕಿ ಹಾಕಿ, ಎರಡೂ ಕವಲೊಡೆದ ಜಾಗದಿಂದ ಚಾಲಿಯಲ್ಲಿ ಆದದ್ದು ಮಾತ್ರ ಬರುತ್ತದೆ.

## ಲಕ್ಷಣ: ನನ್ನಲ್ಲಿ ಸರಿ, ಅವರಲ್ಲಿ ಬೇರೆ

ಒಂದೇ ಕಮಾಂಡ್ ಎರಡು ಕಂಪ್ಯೂಟರಿನಲ್ಲಿ ಎರಡು ರೀತಿ ನಡೆದರೆ ಮೊದಲು ಎರಡೂ ಕಡೆ ಗಿಟ್ --ವರ್ಷನ್ ನೋಡಿ. 2.23ಕ್ಕಿಂತ ಹಳೆಯದಾದರೆ ಸ್ವಿಚ್ ಮತ್ತು ರಿಸ್ಟೋರ್ ಇರುವುದಿಲ್ಲ. ಆಮೇಲೆ ಸೆಟ್ಟಿಂಗ್:

ಗಿಟ್ ಕಾನ್ಫಿಗ್ --ಲಿಸ್ಟ್ --ಶೋ-ಒರಿಜಿನ್

ಯಾವ ಸೆಟ್ಟಿಂಗ್ ಯಾವ ಫೈಲಿನಿಂದ ಬಂತು ಎಂದು ಇದು ಹೇಳುತ್ತದೆ. ಅಲಿಯಾಸ್, ಪುಲ್.ರೀಬೇಸ್, ಪುಶ್.ಡಿಫಾಲ್ಟ್ ಈ ಸಾಲುಗಳನ್ನು ಎರಡೂ ಕಡೆ ಹೋಲಿಸಿ. ಗಿಟ್‌ನಲ್ಲಿ ಈಗಾಗಲೇ ಇರುವ ಕಮಾಂಡ್ ಹೆಸರಿಗೆ ಅಲಿಯಾಸ್ ಹಾಕಿದರೆ ಅದು ಲೆಕ್ಕಕ್ಕಿಲ್ಲ, ಗಿಟ್ ತನ್ನದನ್ನೇ ಓಡಿಸುತ್ತದೆ. ಆದರೆ ಟರ್ಮಿನಲ್‌ನ ಅಲಿಯಾಸ್ ಹಾಗಲ್ಲ. ಟೈಪ್ ಗಿಟ್ ಎಂದು ಕೊಟ್ಟು ನೋಡಿ.

ಕರೆಂಟ್ ಹೋಗಿ ಬಂದ ಮೇಲೆ "ಇಂಡೆಕ್ಸ್.ಲಾಕ್ ಫೈಲ್ ಇದೆ" ಎಂದರೆ ಅದು ಕಮಾಂಡ್ ತಪ್ಪಲ್ಲ. ಬೇರೆ ಯಾವ ಗಿಟ್ ಕೆಲಸವೂ ನಡೆಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಆ ಒಂದು ಲಾಕ್ ಫೈಲನ್ನು ತೆಗೆಯಿರಿ.

## ಇಲ್ಲಿ ನಿಲ್ಲಿಸಿ, ಗೊತ್ತಿದ್ದವರನ್ನು ಕರೆಯಿರಿ

ಎಲ್ಲವನ್ನೂ ಒಂದು ಕಮಿಟ್‌ನ ಸ್ಥಿತಿಗೆ ತಿರುಗಿಸುವ ರಿಸೆಟ್ --ಹಾರ್ಡ್ ಆಗಿಹೋಗಿದ್ದರೆ ನಿಲ್ಲಿಸಿ. ಕಮಿಟ್ ಆಗಿದ್ದ ಕೆಲಸ ಗಿಟ್ ರಿಫ್ಲಾಗ್‌ನಲ್ಲಿ ಸಿಗುತ್ತದೆ. ಬ್ರಾಂಚ್‌ಗಳಿಂದ ಕಳಚಿಹೋದ ಕಮಿಟ್‌ಗಳ ದಾಖಲೆ ಸೆಟ್ಟಿಂಗ್ ಬದಲಿಸದಿದ್ದರೆ 30 ದಿನ ಇರುತ್ತದೆ, ಉಳಿದದ್ದು 90 ದಿನ. ಆ್ಯಡ್ ಮಾತ್ರ ಆಗಿದ್ದರೆ ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್ ಒಮ್ಮೊಮ್ಮೆ ಹುಡುಕಿಕೊಡುತ್ತದೆ, ಆದರೆ ಫೈಲ್ ಹೆಸರು ಇರುವುದಿಲ್ಲ. ಇದನ್ನು ನಕಲು ಮಾಡಿದ ಫೋಲ್ಡರಿನಲ್ಲೇ ಮಾಡಬೇಕು.

ಪುಶ್ --ಫೋರ್ಸ್, ಅಂದರೆ ಬಲವಂತದ ಪುಶ್, ಮಾಡಿ ಬೇರೆಯವರ ಕೆಲಸ ಸರ್ವರಿನಿಂದ ಹೋಗಿದ್ದರೆ ಗುಂಪಿಗೆ ಕೂಡಲೇ ಹೇಳಿ. ಯಾರೂ ಪುಲ್ ಮಾಡಬಾರದು. ಅವರ ಕಂಪ್ಯೂಟರಿನಲ್ಲಿ ಇರುವುದರಿಂದಲೇ ವಾಪಸ್ ತರಬೇಕು. ನಾಚಿಕೆಯಿಂದ ಒಂದು ಗಂಟೆ ಸುಮ್ಮನಿದ್ದರೆ ಅಷ್ಟರಲ್ಲಿ ಯಾರಾದರೂ ಪುಲ್ ಮಾಡಿರುತ್ತಾರೆ. ಫೋರ್ಸ್ ಬೇಕೇ ಬೇಕು ಎಂದಾಗ --ಫೋರ್ಸ್-ವಿತ್-ಲೀಸ್ ಬಳಸಿ. ನೀವು ನೋಡಿರದ ಕಮಿಟ್ ಸರ್ವರಿನಲ್ಲಿದ್ದರೆ ಸಾಮಾನ್ಯವಾಗಿ ಅದು ತಡೆಯುತ್ತದೆ.

ಪಾಸ್‌ವರ್ಡ್ ಇರುವ ಫೈಲ್ ಪುಶ್ ಆಗಿದ್ದರೆ ಗಿಟ್ ಹತ್ತಿರ ಹೋಗುವ ಮೊದಲು ಪಾಸ್‌ವರ್ಡ್ ಬದಲಿಸಿ. ಹೊಸ ಕಮಿಟ್‌ನಲ್ಲಿ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಇರುತ್ತದೆ, ಬೇರೆಯವರು ಇಳಿಸಿಕೊಂಡ ನಕಲಿನಲ್ಲೂ ಇರುತ್ತದೆ.

ಸಹಾಯ ಕೇಳುವಾಗ ಒತ್ತಿದ ಕಮಾಂಡ್, ಅದಕ್ಕೆ ಬಂದ ಉತ್ತರ, ಗಿಟ್ ಸ್ಟೇಟಸ್ ಮತ್ತು ವರ್ಷನ್, ಈ ನಾಲ್ಕನ್ನು ಕಳಿಸಿ. ಪರದೆಯ ಫೋಟೊ ಬೇಡ, ಅಕ್ಷರವಾಗಿಯೇ ಟೆಕ್ಸ್ಟ್ ಫೈಲಿನಲ್ಲಿ ಹಾಕಿ ಕಳಿಸಿ. ಫೋಟೊದಲ್ಲಿ ಗೆರೆ ಒಂದೋ ಎರಡೋ ಕಾಣುವುದಿಲ್ಲ. ಮೆಸೇಜ್‌ನಲ್ಲಿ ಅಂಟಿಸಿದರೆ ಅದೇ ಎರಡು ಗೆರೆ ಸೇರಿ ಉದ್ದ ಗೆರೆ ಆಗಿಬಿಡಬಹುದು.